ಜ್ವರಕ್ಕೆ ಕೂತಿದ್ದಾಳೆ ಅಂದುಕೊಂಡೆ

ದೇವರಾಯಸಮುದ್ರ,
ಭಾನುವಾರ

ಸುನಂದಾ,

ಫೋನ್ ಮಾಡಿದರೆ ನೀನು ಎತ್ತುವುದಿಲ್ಲ. ಅದಕ್ಕೇ ಈ ಕಾಗದ ಬರೆದು ನಿನ್ನ ತಮ್ಮ ಮುರಳಿಮೋಹನ್ ಕೈಯಲ್ಲಿ ಶ್ರೀನಿವಾಸಪುರದ ತವರಿಗೆ ಕಳಿಸುತ್ತಿದ್ದೇನೆ. ಮದುವೆಯಾದ ವರ್ಷ ನೀನು ನನ್ನ ಅಕ್ಷರ ನೋಡಿ ಕಾಗೆ ಕಾಲು ಗುಬ್ಬಿ ಕಾಲು ಎಂದು ನಕ್ಕಿದ್ದೆ. ಈಗಲೂ ಹಾಗೇ ಇದೆ. ನಗು ಬಂದರೆ ನಕ್ಕುಬಿಡು, ನನಗೇನೂ ಬೇಜಾರಿಲ್ಲ.

ಉಳಿದ ಎರಡು ಕೀಮೋಗೆ ಬರುವುದಿಲ್ಲ, ಸಾಕು ಎಂದೆಯಂತೆ. ಮುರಳಿ ಹೇಳಿದ. ಮೊದಲು ಸಿಟ್ಟೇ ಬಂತು. ಎದೆಯ ಗಡ್ಡೆ ತೆಗೆಸಿಕೊಂಡು, ನಾಲ್ಕು ಕೀಮೋ ತಡೆದುಕೊಂಡವಳು ದಡ ಕಾಣುವಾಗ ಕೈ ಬಿಡುವುದೇ ಎಂದು ತೋಟದಲ್ಲಿ ಒಬ್ಬನೇ ಕೂಗಾಡಿದೆ. ಹಿಪ್ಪುನೇರಳೆ ಗಿಡಗಳಿಗೆ ಬೈದು ಏನು ಬಂತು? ತಪ್ಪು ನನ್ನದು. ಅದನ್ನು ಹೇಳಲಿಕ್ಕೇ ಬರೆಯುತ್ತಿದ್ದೇನೆ.

ಮೂರನೇ ಕೀಮೋ ಆದಮೇಲೆ ನೀನು ಮಾತು ಬಿಟ್ಟೆ. ಗೋಡೆ ಕಡೆ ತಿರುಗಿ ಮಲಗಿದವಳು ಊಟಕ್ಕೆ ಕರೆದರೂ ಏಳುತ್ತಿರಲಿಲ್ಲ. ಮಗಳು ಧನಶ್ರೀ ಕಾಲೇಜಿನ ಸುದ್ದಿ ಹೇಳಿದರೆ ಅವಳ ಮುಖ ಸಹ ನೋಡುತ್ತಿರಲಿಲ್ಲ. ಇಪ್ಪತ್ತು ವರ್ಷ ರೇಷ್ಮೆಹುಳು ಸಾಕಿದ ನನ್ನ ತಲೆಗೆ ಹೊಳೆದದ್ದು ಒಂದೇ. ಪೊರೆ ಬಿಡುವ ಮುಂಚೆ ಹುಳು ಸೊಪ್ಪು ತಿನ್ನುವುದು ಬಿಟ್ಟು, ತಲೆ ಎತ್ತಿ, ಅಲ್ಲಾಡದೆ ಕೂರುತ್ತದಲ್ಲ, ಜ್ವರಕ್ಕೆ ಕೂತಿತು ಅನ್ನುತ್ತೇವಲ್ಲ, ಆಗ ಮುಟ್ಟಬಾರದು, ತಾನಾಗಿ ಏಳುತ್ತದೆ. ನಿನ್ನದೂ ಹಾಗೇ ಅಂದುಕೊಂಡೆ. ಬಂದ ನೆಂಟರನ್ನು ಬಾಗಿಲಲ್ಲೇ ತಡೆದೆ. ಅಮ್ಮ ದೃಷ್ಟಿ ತೆಗೆಯಲು ಬಂದರೆ ಅವಳನ್ನೂ ಗದರಿದೆ. "ಅವ್ಳನ್ನ ಯಾರೂ ಅಲ್ಲಾಡಿಸ್ಬೇಡಿ, ತಾನಾಗೇ ಏಳ್ತಾಳೆ" ಎಂದು ದೊಡ್ಡ ಪಂಡಿತನ ಹಾಗೆ ಊರಿಗೆಲ್ಲ ಹೇಳಿಕೊಂಡು ತಿರುಗಿದೆ.

ಮೊನ್ನೆ ಕೋಲಾರದ ಆಸ್ಪತ್ರೆಯಿಂದ ನರ್ಸ್ ತ್ರಿವೇಣಿ ಫೋನ್ ಮಾಡಿ ನೀನು ಹೇಗಿದ್ದೀಯ ಎಂದು ಕೇಳಿದರು. ಒಂದೂವರೆ ತಿಂಗಳು ಯಾರ ಜೊತೆಗೂ ಮಾತಿಲ್ಲದೆ ಚೆನ್ನಾಗಿ ರೆಸ್ಟ್ ತೆಗೆದುಕೊಂಡು ತವರಿಗೆ ಹೋಗಿದ್ದಾಳೆ ಎಂದೆ. ಆಯಮ್ಮ, "ಅದು ರೆಸ್ಟ್ ಅಲ್ಲ ಅಣ್ಣ, ಖಿನ್ನತೆ ಇರ್ಬೇಕು. ಕ್ಯಾನ್ಸರ್ ಬಂದೋರಲ್ಲಿ ಎಷ್ಟೋ ಜನಕ್ಕೆ ಬರುತ್ತೆ. ಅದೂ ಕಾಯಿಲೆನೇ, ಅದಕ್ಕೂ ಔಷಧಿ ಇದೆ. ಒಬ್ರನ್ನೇ ಬಿಡ್ಬೇಡಿ" ಎಂದರು.

ಸಂಜೆ ಧನಶ್ರೀಗೆ ಹೇಳಿದರೆ ಅತ್ತುಬಿಟ್ಟಳು. ನೀನು ಹೊರಡುವ ದಿನ ಅವಳ ಹತ್ತಿರ ಆಡಿದ ಮಾತು ಆಗ ಹೊರಗೆ ಬಂತು. "ಜ್ವರಕ್ಕೆ ಕೂತಿರೋ ಹುಳೂನಾದ್ರೂ ನಿಮ್ಮಪ್ಪ ದಿನಕ್ಕೆ ನಾಕು ಸಲ ಬಗ್ಗಿ ನೋಡ್ತಾರೆ ಕಣೇ. ನನ್ನ ಯಾರು ನೋಡಿದ್ರು?"

ನಾನು ನೋಡಲಿಲ್ಲ ಸುನಂದಾ. ನಿನಗೆ ತೊಂದರೆಯಾಗಬಾರದು ಅನ್ನುವುದು ನೆಪ. ನನಗೆ ಹೆದರಿಕೆ. ನೀನು ಈ ಕಡೆ ತಿರುಗಿ, ನಾನು ಉಳಿಯುತ್ತೇನಾ ಎಂದು ಕೇಳಿಬಿಟ್ಟರೆ ಏನು ಹೇಳುವುದು? ಕೆಲಸವಿಲ್ಲದಿದ್ದರೂ ಹುಳುಮನೆಯಲ್ಲೇ ಕೂತಿರುತ್ತಿದ್ದೆ. ಆ ಪ್ರಶ್ನೆಗೆ ಈಗಲೂ ನನ್ನಲ್ಲಿ ಉತ್ತರವಿಲ್ಲ. ಆದರೂ ಕೇಳು. ಗೊತ್ತಿಲ್ಲ ಎಂದು ನಿನ್ನ ಪಕ್ಕದಲ್ಲೇ ಕೂತು ಹೇಳುತ್ತೇನೆ, ಎದ್ದು ಹೋಗುವುದಿಲ್ಲ.

ಗುರುವಾರ ಮೊದಲ ಬಸ್ಸಿಗೆ ಬರುತ್ತೇನೆ. ಕೀಮೋ ಮಾತು ಅವತ್ತು ಬೇಡ. ಕೋಲಾರದ ಅದೇ ಆಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ನೋಡುತ್ತಾರಂತೆ, ತ್ರಿವೇಣಿಯವರು ನಿನ್ನ ಹೆಸರು ಬರೆಸಿದ್ದಾರೆ. ಧೈರ್ಯವಾಗಿರು ಎಂದು ನಾನು ಹೇಳುವುದಿಲ್ಲ, ಊರವರೆಲ್ಲ ಹೇಳಿ ಹೇಳಿ ನಿನಗೆ ಸಾಕಾಗಿದೆ. ಮಾತಾಡಲು ಮನಸ್ಸಾಗದಿದ್ದರೆ ಸುಮ್ಮನೆ ಕೂತಿರು. ನಿನ್ನ ಹೆಸರಿನ ಕೆಳಗೆ ನನ್ನ ಹೆಸರನ್ನೂ ಬರೆಸಿದ್ದೇನೆ. ಮೊದಲು ನಾನು ಒಳಗೆ ಹೋಗುತ್ತೇನೆ.

ಗುರುವಾರದ ತನಕ ಗಂಗಮ್ಮತಾಯಿ ನಿನ್ನನ್ನು ಕಾಯಲಿ. ಆಮೇಲೆ ನಾನಿರುತ್ತೇನೆ.

ನಿನ್ನ
ನರಸಿಂಹಪ್ಪ