ಒಳಗೆ ಬಿಟ್ಟ ಬಟ್ಟೆ

ತಾ. ೫, ಸೋಮವಾರ

ಎರಡು ಪ್ಯಾಂಟಿನ ಕಾಲು ಮಡಚಿದೆ. ಒಂದು ಜಿಪ್ ಬದಲಿಸಿದೆ. ಶಾಲೆಯ ಮೇಡಂ ಬ್ಲೌಸ್ ಬಿಗಿಯಾಯಿತು ಅಂತ ತಂದರು. ಬಿಚ್ಚಿ ಮುಕ್ಕಾಲು ಇಂಚು ಸಡಿಲ ಮಾಡಿಕೊಟ್ಟೆ. ಹೊಲಿಯುವಾಗಲೇ ಒಳಗೆ ಬಟ್ಟೆ ಬಿಟ್ಟಿರುತ್ತೇನೆ. ದಪ್ಪ ಆಗುವವರು ಹೇಳಿ ಆಗುತ್ತಾರಾ? ನಲವತ್ತೈದು ವರ್ಷದ ಕಸುಬು ಇದು.

ಸಂಜೆ ಮಗಳು ಬಂದಳು. ಮುಖ ಸರಿ ಇರಲಿಲ್ಲ. ಅತ್ತೆಗೆ ಬಲಗಣ್ಣಿನ ಒಳಪರದೆ ಕಿತ್ತುಕೊಂಡಿದೆಯಂತೆ. ಅತ್ತೆ ಅಂದರೆ ನನ್ನ ತಂಗಿ. ಇಪ್ಪತ್ತಾರು ವರ್ಷದಿಂದ ಪರದೇಶ. ಅಲ್ಲಿನ ಮುದುಕರ ಮೈ ತೊಳೆದು, ಉಣಿಸಿ, ಮಲಗಿಸುವ ಕೆಲಸ. ಎಡಗಣ್ಣು ಮೊದಲೇ ಮಂಜು. ಹದಿನಾರಕ್ಕೆ ಆಪರೇಷನ್. ಹದಿನೈದರ ಮಧ್ಯಾಹ್ನ ಹನ್ನೆರಡರೊಳಗೆ ಅಲ್ಲಿನ ದುಡ್ಡಿನಲ್ಲಿ ನಾಲ್ಕು ಸಾವಿರ ಆಸ್ಪತ್ರೆಯ ಅಕೌಂಟಿಗೆ ಬಿದ್ದಿರಬೇಕು. ಒಂದು ಕಾಸು ಕಮ್ಮಿ ಇದ್ದರೂ ಸರದಿ ಮುಂದಿನವರಿಗೆ. ಮತ್ತೆ ಆರು ವಾರ ಕಾಯಬೇಕು. ಅಷ್ಟರಲ್ಲಿ ಪರದೆ ಪೂರ್ತಿ ಕಳಚುತ್ತದೆ ಅಂತ ಡಾಕ್ಟರು ಹೇಳಿದ್ದಾರಂತೆ.

ನನಗೆ ಹೇಳಬೇಡ ಅಂದಿದ್ದಳಂತೆ ತಂಗಿ. ಅದೊಂದು ಬಿಂಕಕ್ಕೇನೂ ಕಮ್ಮಿ ಇಲ್ಲ.

ಕಳಿಸುತ್ತೇನೆ ಅಂದೆ. ಮಗಳು ನನ್ನ ಮುಖವನ್ನೇ ನೋಡಿದಳು. ಏನು ನೋಡುತ್ತೀಯ, ಹೋಗು ಅಂದೆ.

ತಾ. ೬, ಮಂಗಳವಾರ

ನಮ್ಮಿಬ್ಬರ ನಡುವೆ ಮಾತು ಸರಿಯಾಗಿ ನಡೆದು ಇಪ್ಪತ್ತೆರಡು ವರ್ಷ. ಫೋನಿನಲ್ಲಿ ಚೆನ್ನಾಗಿದ್ದೀಯಾ, ಚೆನ್ನಾಗಿದ್ದೀನಿ — ಮುಗಿಯಿತು. ತಪ್ಪು ಅವಳದೇ. ಹೋದ ಹೊಸದರಲ್ಲಿ ತಿಂಗಳು ತಿಂಗಳು ಕಳಿಸುತ್ತಿದ್ದಳು. ಹತ್ತು ಸಾವಿರ ಕಳಿಸಿದ್ದೇನೆ ಅಣ್ಣ ಅಂತ ಕಾಗದ. ಬ್ಯಾಂಕಿಗೆ ಹೋದರೆ ಒಂಬತ್ತು ಸಾವಿರದ ನಾನೂರು ಚಿಲ್ಲರೆ. ಹೇಳುವುದು ಹತ್ತು, ಕೊಡುವುದು ಒಂಬತ್ತು. ಯಾರಿಗೆ ಟೋಪಿ? ಮೂರು ವರ್ಷ ಸುಮ್ಮನಿದ್ದೆ. ನಾಲ್ಕನೇ ವರ್ಷ ಕಾಗದ ಹಾಕಿದೆ — ಕೊಡುವುದಾದರೆ ಹೇಳಿದಷ್ಟು ಪೂರ್ತಿ ಕೊಡು, ಇಲ್ಲದಿದ್ದರೆ ಬೇಡ. ಆಮೇಲಿಂದ ಪೂರ್ತಿ ಬಂತು. ಕಾಗದ ಮಾತ್ರ ನಿಂತಿತು.

ಇರಲಿ. ಕಣ್ಣಿನ ವಿಷಯ. ಸೂಜಿಗೆ ದಾರ ಪೋಣಿಸುವವನಿಗೆ ಗೊತ್ತು ಕಣ್ಣು ಅಂದರೆ ಏನು ಅಂತ.

ಪೆಟ್ಟಿಗೆಯಲ್ಲಿ ಮೂರು ಲಕ್ಷ ಅರವತ್ತೇಳು ಸಾವಿರ ಇದೆ. ಅಂಗಡಿಯ ಮುಂಗಡಕ್ಕೆ ಅಂತ ಇಟ್ಟದ್ದು. ಮುಂಗಡ ಕಾಯುತ್ತದೆ.

ತಾ. ೭, ಬುಧವಾರ

ಬಸ್ ಸ್ಟ್ಯಾಂಡ್ ಎದುರಿನ ಗಾಜಿನ ಅಂಗಡಿಗೆ ಹೋದೆ. ಹೊರಗೆ ದೊಡ್ಡ ಬೋರ್ಡು — ಹೊರದೇಶಕ್ಕೆ ಹಣ, ಫೀ ಸೊನ್ನೆ. ಒಳಗೆ ಟೈ ಕಟ್ಟಿದವನು ಕುರ್ಚಿ ಎಳೆದು ಕೂರಿಸಿದ. ತಣ್ಣನೆ ನೀರು ಕೊಟ್ಟ. ಆಗಲೇ ಅನುಮಾನ ಬಂತು.

ನಾಲ್ಕು ಸಾವಿರಕ್ಕೆ ನಮ್ಮದೆಷ್ಟು ಅಂದೆ. ಮೂರು ಲಕ್ಷ ಎಪ್ಪತ್ತಾರು ಸಾವಿರ ಅಂದ. ಅವರ ಒಂದಕ್ಕೆ ನಮ್ಮ ತೊಂಬತ್ತನಾಲ್ಕು. ಅಲ್ಲಿಂದ ಎದ್ದು ಬ್ಯಾಂಕಿಗೆ ಹೋದೆ. ಅಲ್ಲಿ ಒಂದಕ್ಕೆ ತೊಂಬತ್ತೊಂದು. ಫೀ ಸಾವಿರದ ಎಂಟುನೂರು. ಒಟ್ಟು ಮೂರು ಲಕ್ಷ ಅರವತ್ತೈದು ಸಾವಿರದ ಎಂಟುನೂರು. ನಮ್ಮ ಅಂಗಡಿಗೆ ಬಂದು ಚಾಕ್‌ಪೀಸಿನಲ್ಲಿ ಮೇಜಿನ ಮೇಲೆ ಎರಡು ಸಲ ಹಾಕಿ ನೋಡಿದೆ. ನಾಲ್ಕನೇ ಕ್ಲಾಸಿಗೆ ಶಾಲೆ ಬಿಟ್ಟವನಿಗೂ ಹತ್ತು ಸಾವಿರದ ವ್ಯತ್ಯಾಸ ಕಾಣುತ್ತದೆ.

ವಾಪಸು ಗಾಜಿನ ಅಂಗಡಿಗೆ ಹೋಗಿ ಟೈಯವನಿಗೆ ಹೇಳಿದೆ. ಹೊಲಿಗೆ ಕೂಲಿ ಪುಕ್ಕಟೆ ಅಂತ ಬೋರ್ಡು ಹಾಕಿ ಬಟ್ಟೆಯ ಮೀಟರಿನಲ್ಲಿ ಸುಲಿಯುವುದು ನಮ್ಮ ಬೀದಿಯಲ್ಲೂ ಇದೆಯಪ್ಪ ಅಂತ. ಅವನು ನಕ್ಕ. ಇನ್ನೊಂದು ಲೋಟ ನೀರು ಕೊಟ್ಟ. ಕುಡಿದೆ. ಬಿಸಿಲಿತ್ತು.

ತಾ. ೮, ಗುರುವಾರ

ಮಗಳದು ಮೂರನೇ ದಾರಿ. ಫೋನಿನ ಆ್ಯಪ್. ಎಲ್ಲದಕ್ಕಿಂತ ಅಗ್ಗ, ಬ್ಯಾಂಕಿಗಿಂತ ಮೂರು ಸಾವಿರದಷ್ಟು ಉಳಿಯುತ್ತದೆ. ಗುರುತಿನ ಚೀಟಿ ತೋರಿಸಿ, ಮುಖ ತೋರಿಸಿ ಅಂತು ಫೋನು. ತೋರಿಸಿದೆ. ಮುಖ ಸ್ಪಷ್ಟವಿಲ್ಲ ಅಂತು. ಕನ್ನಡಕ ತೆಗೆದೆ. ಸ್ಪಷ್ಟವಿಲ್ಲ. ಕಿಟಕಿಯ ಹತ್ತಿರ ನಿಂತೆ. ಎಡಕ್ಕೆ ತಿರುಗಿ ಅಂತು, ತಿರುಗಿದೆ. ಕಣ್ಣು ಮಿಟುಕಿಸಿ ಅಂತು. ಅರವತ್ತೊಂಬತ್ತರ ವಯಸ್ಸಿನಲ್ಲಿ ಫೋನಿಗೆ ಕಣ್ಣು ಹೊಡೆದೆ. ಅದಕ್ಕೂ ಒಪ್ಪಲಿಲ್ಲ. ಮನುಷ್ಯರು ಪರೀಕ್ಷೆ ಮಾಡಲು ಮೂರು ದಿನ ಬೇಕಂತೆ.

ಮಗಳು ತನ್ನ ಅಕೌಂಟಿನಿಂದ ಕಳಿಸುತ್ತೇನೆ ಅಂದಳು. ಬೇಡ ಅಂದೆ. ಯಾಕಪ್ಪ, ದುಡ್ಡು ಹೋದರೆ ಸಾಲದಾ ಅಂದಳು. ಸಾಲದು. ಕಳಿಸಿದವರು ಅಂತ ಒಂದು ಸಾಲು ಬರುತ್ತದಂತೆ ಅಲ್ಲಿ. ಅದರಲ್ಲಿ ನನ್ನ ಹೆಸರೇ ಇರಬೇಕು.

ಇದನ್ನು ಮಗಳಿಗೆ ಹೇಳಲಿಲ್ಲ. ಫೋನು ನಂಬುವ ಹಾಗಿಲ್ಲ ಅಂದೆ, ಅಷ್ಟೇ.

ತಾ. ೯, ಶುಕ್ರವಾರ

ಬ್ಯಾಂಕಿನಲ್ಲೇ ಕಟ್ಟಿದೆ. ಮೂರನೇ ಕೌಂಟರಿನವಳು ಫಾರಂ ತುಂಬಿಸಿದಳು. ಮಗಳ ವಯಸ್ಸಿನವಳು, ತಾಳ್ಮೆ ಇದೆ. ಕೊನೆಗೆ ಮೂರು ಚೌಕ ತೋರಿಸಿದಳು. ದಾರಿಯಲ್ಲಿ ನಡುವಿನ ಬ್ಯಾಂಕುಗಳು ತಮ್ಮ ಪಾಲು ಹಿಡಿಯುತ್ತವಂತೆ. ಆ ಖರ್ಚು ಪೂರ್ತಿ ನಿಮ್ಮದಾ, ಅವರದಾ, ಹಂಚಿಕೊಳ್ಳುತ್ತೀರಾ?

ಪೂರ್ತಿ ನನ್ನದಾದರೆ ಎಷ್ಟು ಅಂದೆ. ಇನ್ನೂ ಎರಡು ಸಾವಿರದ ಇನ್ನೂರು.  ಒಟ್ಟು ಮೂರು ಲಕ್ಷ ಅರವತ್ತೆಂಟು ಸಾವಿರ. ಕೈಯಲ್ಲಿರುವುದು ಅರವತ್ತೇಳು. ಒಂದು ಸಾವಿರಕ್ಕೆ ಮಗಳ ಮುಂದೆ ಕೈ ಚಾಚುವುದಾ? ಅದೂ ನಿನ್ನೆ ಅವಳ ಫೋನನ್ನು ಬೈದು ಕಳಿಸಿದ ಮೇಲೆ?

ಹಂಚಿಕೊಳ್ಳುತ್ತೇವೆ ಅಂದೆ.

"ಸರ್, ಹಾಗಾದ್ರೆ ಅಲ್ಲಿಗೆ ಸ್ವಲ್ಪ ಕಮ್ಮಿ ಮುಟ್ಬಹುದು. ಪೂರ್ತಿ ಬೇಕಿದ್ರೆ ಅಲ್ಲಿನ ದುಡ್ಡಲ್ಲಿ ಒಂದೈವತ್ತು ಜಾಸ್ತಿ ಕಳಿಸಿ."

ನಾಲ್ಕು ಸಾವಿರ ಕೇಳಿದ್ದಾರೆ, ನಾಲ್ಕು ಸಾವಿರ ಕಳಿಸುತ್ತೇನೆ, ಅಳತೆ ನನಗೆ ಕಲಿಸಬೇಡಮ್ಮ ಅಂದೆ. ಜೋರಾಗಿಯೇ ಅಂದೆ. ಹಿಂದೆ ನಿಂತವರು ನೋಡಿದರು. ಅವಳು ಸುಮ್ಮನೆ ಸೀಲು ಒತ್ತಿದಳು.

ಎಲ್ಲೆಲ್ಲೂ ಸುಲಿಯಲು ಕೂತವರು. ಯಾರ ಕೈಗೂ ಸಿಗದೆ ಬಂದೆ. ಸಾವಿರದ ಇನ್ನೂರು ಉಳಿಯಿತು.

ತಾ. ೧೩, ಮಂಗಳವಾರ

ಇನ್ನೂ ಮುಟ್ಟಿಲ್ಲ. ನಡುವೆ ಶನಿವಾರ, ಭಾನುವಾರ ಬಂತಲ್ಲ ಅಂತಾಳೆ ಮೂರನೇ ಕೌಂಟರಿನವಳು. ದುಡ್ಡಿಗೂ ರಜೆಯಾ?

ಸೂಜಿ ಎರಡು ಸಲ ಮುರಿಯಿತು. ಮಗಳು ಫೋನು ಮಾಡಿದಾಗ ತಂಗಿ ಹೇಳಿದಳಂತೆ — ಕಣ್ಣಿನ ಮೇಲ್ಗಡೆಯಿಂದ ಕಪ್ಪು ಪರದೆ ಇಳಿದ ಹಾಗೆ ಕಾಣುತ್ತಿದೆ. ದಿನಕ್ಕಿಷ್ಟು ಇಳಿಯುತ್ತಿದೆ.

ಬೇಡ. ಬರೆಯುವುದು ಬೇಡ.

ತಾ. ೧೫, ಗುರುವಾರ. ಮಧ್ಯಾಹ್ನ ಎರಡು

ಬ್ಯಾಂಕಿನಿಂದ ಈಗ ಬಂದೆ. ಮುಟ್ಟಿದೆ ಅಂದಳು. ಎಷ್ಟು ಅಂದೆ. ಕಂಪ್ಯೂಟರ್ ನೋಡಿದಳು. ನನ್ನನ್ನು ನೋಡಿದಳು.

ಮೂರು ಸಾವಿರದ ಒಂಬೈನೂರ ಅರವತ್ತೆರಡು.

"ನಡುವಿನ ಬ್ಯಾಂಕಿನವ್ರು ಮೂವತ್ತೆಂಟು ಹಿಡ್ಕೊಂಡಿದಾರೆ ಸರ್." ಅವತ್ತೇ ಹೇಳಿದ್ದೆ ಅಂತ ಅನ್ನಲಿಲ್ಲ. ಅಂದಿದ್ದರೆ ವಾಸಿ ಇತ್ತು.

ಅಲ್ಲಿ ಹನ್ನೆರಡು ಅಂದರೆ ನಮಗೆ ಮೂರೂವರೆ. ಮಗಳು ಪಾಠ ಮಾಡುವುದನ್ನು ಬಿಟ್ಟು ಶಾಲೆಯಿಂದ ಓಡಿ ಬಂದಿದ್ದಾಳೆ. ಅವಳ ಆ್ಯಪ್‌ನಿಂದ ಮೂವತ್ತೆಂಟು ಕಳಿಸು ಅಂದೆ. ಯಾರ ಹೆಸರಾದರೂ ಇರಲಿ. ಕಳಿಸಿದಳು. ನಾಳೆ ಬೆಳಿಗ್ಗೆಯೊಳಗೆ ಮುಟ್ಟುತ್ತದೆ ಅಂತ ಬಂತು. ನಾಳೆ ಮುಟ್ಟಿ ಏನು?

ತಂಗಿಗೆ ಫೋನು. ಎತ್ತುತ್ತಿಲ್ಲ. ಮತ್ತೆ. ಎತ್ತುತ್ತಿಲ್ಲ.

ನಲವತ್ತೈದು ವರ್ಷ ಊರಿನವರ ಬಟ್ಟೆಯೊಳಗೆಲ್ಲ ಮುಕ್ಕಾಲು ಇಂಚು ಬಿಟ್ಟೆ. ಇವಳ ಕಣ್ಣಿಗೆ ಬಿಡಲಿಲ್ಲ. ಲೆಕ್ಕ ಹಿಡಿದು ಕತ್ತರಿಸಿದೆ.

ಮೂರೂವರೆ ಆಯಿತು.

ಅದೇ ದಿನ, ಸಂಜೆ

ಫೋಟೋ ಬಂತು ಮಗಳ ಫೋನಿಗೆ. ಆಸ್ಪತ್ರೆಯ ರಸೀದಿ. ಎರಡು ಸಾಲು. ಒಂದು ನನ್ನ ಹೆಸರಿನದು, ಮೂರು ಸಾವಿರದ ಒಂಬೈನೂರ ಅರವತ್ತೆರಡು. ಕೆಳಗೆ ಮೂವತ್ತೆಂಟು, ನಗದು. ಹನ್ನೊಂದು ಗಂಟೆ ಐವತ್ತು ನಿಮಿಷ.

ಮೂವತ್ತೆಂಟು ಕಮ್ಮಿ ಇದೆ ಅಂತ ಬೆಳಿಗ್ಗೆ ಆಸ್ಪತ್ರೆಯಿಂದ ತಂಗಿಗೆ ಕರೆ ಹೋಗಿದೆ. ಅವಳೇ ಹೊರಟಿದ್ದಾಳೆ. ಅಲುಗಾಡದೆ ಮಲಗಿರಿ ಅಂದಿದ್ದರು ಡಾಕ್ಟರು. ಆ ಕಣ್ಣಿನಲ್ಲಿ ಎರಡು ಬಸ್ಸು ಬದಲಿಸಿ, ಬಸ್ಸಿನ ನಂಬರು ಕಾಣದೆ ಪಕ್ಕದವರನ್ನು ಕೇಳಿ, ಕೌಂಟರಿಗೆ ಹೋಗಿ ಕಟ್ಟಿದ್ದಾಳೆ. ಫೋನು ಚೀಲದ ಅಡಿಯಲ್ಲಿತ್ತಂತೆ.

ಮಗಳಿಗೆ ಹೇಳಿದ್ದು ಒಂದೇ ಮಾತು. "ಪೂರ್ತಿ ಮುಟ್ಟಿತು ಅಂತ ಹೇಳು ಅಣ್ಣಂಗೆ. ಕಮ್ಮಿ ಬಂತು ಅನ್ಬೇಡ, ನೊಂದ್ಕೋತಾನೆ."

ಊಟ ಬೇಡ ಅಂದೆ.

ತಾ. ೧೬, ಶುಕ್ರವಾರ

ಆಪರೇಷನ್ ಆಯಿತು. ಪರದೆ ಅಂಟಿಸಿದ್ದಾರೆ. ಕಣ್ಣು ಉಳಿಯುತ್ತದಾ ಅನ್ನುವುದು ಹತ್ತು ದಿನದ ಮೇಲೆ.

ಅಂಗಡಿ ತೆಗೆಯಲಿಲ್ಲ. ಅಟ್ಟದ ಮೇಲಿನ ಟ್ರಂಕು ಇಳಿಸಿದೆ. ಹಳೆಯ ಪಾಸ್‌ಬುಕ್ಕು ನಾಲ್ಕು ಸಿಕ್ಕವು. ಮೊದಲನೆಯದು — ಒಂಬತ್ತು ಸಾವಿರದ ನಾನೂರ ಹನ್ನೆರಡು. ಒಂಬತ್ತು ಸಾವಿರದ ಮುನ್ನೂರ ಎಂಬತ್ತು. ಒಂಬತ್ತು ಸಾವಿರದ ನಾನೂರ ಐದು. ಯಾವ ತಿಂಗಳೂ ಒಂದೇ ಸಮ ಇಲ್ಲ. ಕದಿಯುವವಳು ಐನೂರೋ ಆರುನೂರೋ ಇಟ್ಟುಕೊಳ್ಳುತ್ತಾಳೆ. ಐನೂರ ಎಂಬತ್ತೆಂಟು ಯಾರು ಕದಿಯುತ್ತಾರೆ?

ಅಷ್ಟೂ ದಾರಿಯಲ್ಲಿ ಹೋದದ್ದು.

ನನ್ನ ಕಾಗದ ಹೋದ ಮುಂದಿನ ತಿಂಗಳು — ಹತ್ತು ಸಾವಿರದ ಇಪ್ಪತ್ತಾರು. ಆಮೇಲೆ ಹತ್ತು ಸಾವಿರದ ಎಂಟು. ಹತ್ತು ಸಾವಿರದ ನಲವತ್ತು. ಎಂಟು ವರ್ಷ, ಹತ್ತರ ಕೆಳಗೆ ಒಂದು ಸಲವೂ ಇಳಿದಿಲ್ಲ. ಎಷ್ಟು ಹಿಡಿಯುತ್ತಾರೆ ಅಂತ ಮೊದಲೇ ಅಂದಾಜು ಮಾಡಿ, ಅದರ ಮೇಲೆ ಇನ್ನಷ್ಟು ಬಿಟ್ಟು ಕಳಿಸಿದ್ದಾಳೆ. ಅಣ್ಣನ ಬಾಯಿಗೆ ಹೆದರಿ.

ಈ ಅಂಗಡಿಯ ಮೊದಲ ಮೆಷಿನ್ನು ಅದರಲ್ಲೇ ಬಂದದ್ದು. ಮಗಳ ಕಾಲೇಜು ಅದರಲ್ಲೇ.

ದಾರಿ ಖರ್ಚು ಎಷ್ಟಾಯಿತಮ್ಮ ಅಂತ ಒಂದು ದಿನ ಕೇಳಿದವನಲ್ಲ ನಾನು.

ತಾ. ೨೨, ಗುರುವಾರ

ಮಾತಾಡಿದೆ. ಹತ್ತು ದಿನ ಬೋರಲು ಮಲಗಿಯೇ ಇರಬೇಕಂತೆ. ಕಣ್ಣಿನೊಳಗೆ ಗಾಳಿಯ ಗುಳ್ಳೆ ಬಿಟ್ಟಿದ್ದಾರೆ, ಅದು ಪರದೆಯನ್ನು ಒತ್ತಿ ಹಿಡಿಯಬೇಕು. ಫೋನನ್ನು ನೆಲದ ಮೇಲಿಟ್ಟು, ಮಂಚದ ಅಂಚಿನಿಂದ ಮುಖ ಕೆಳಗೆ ಮಾಡಿ ಮಾತಾಡಿದಳು. ಬಾವಿಯೊಳಗಿನಿಂದ ಬಂದ ಹಾಗಿತ್ತು ದನಿ.

ಚೆನ್ನಾಗಿದ್ದೀಯಾ ಅಂದೆ. ಚೆನ್ನಾಗಿದ್ದೀನಿ ಅಂದಳು. ಅಲ್ಲಿಗೆ ನಮ್ಮ ಮಾತು ಮುಗಿಯಬೇಕು, ರೂಢಿಯಂತೆ. ನಾನು ಇಡಲಿಲ್ಲ. ಅವಳೂ ಇಡಲಿಲ್ಲ.

"ಅಣ್ಣ, ಅಷ್ಟು ಕಳಿಸೋಕೆ ಎಷ್ಟು ಹಿಡಿದ್ರು ನಿಂಗೆ?"

ಎಲ್ಲ ಬಿಟ್ಟು ಅದನ್ನೇ ಕೇಳಿದಳು.  ಜಾಸ್ತಿಯೇನಿಲ್ಲ ಅಂದೆ. ಆಮೇಲೆ ಕೇಳಿದೆ.

"ಆಗ ನಿಂಗೆ ಎಷ್ಟು ಹಿಡೀತಿದ್ರು? ತಿಂಗಳಿಗೆ?"

ನೆಲದ ಮೇಲೆ ಫೋನು ಎಳೆದುಕೊಂಡ ಸದ್ದು. 

"ಅದೆಲ್ಲ ಯಾಕೀಗ... ವಾರಕ್ಕೆರಡು ದಿನ ಬಸ್ಸು ಬಿಟ್ಟು ನಡೀತಿದ್ದೆ, ಸರಿಹೋಗ್ತಿತ್ತು. ನಿನ್ ಬೈಗುಳದಿಂದ ಕಾಲಾದ್ರೂ ಗಟ್ಟಿಯಾಯ್ತು ಬಿಡು." ನಕ್ಕಳು. ನಗಬೇಡಿ ಅಂತ ಅಲ್ಲಿ ಯಾರೋ ಗದರಿದರು.

ಆಗ ಹೇಳಬೇಕಿತ್ತು. ಬಾಯಿ ತೆರೆದೆ. ಮಲಗಿಕೋ ಅಂದೆ. ಮಲಗೇ ಇದ್ದೀನಲ್ಲ ಅಂದಳು.

ಇಷ್ಟು ವರ್ಷ ಬೈಯಲು ಒಂದು ದಿನವೂ ತಡವರಿಸದ ನಾಲಿಗೆ ಇದು.

ತಾ. ೨೬, ಸೋಮವಾರ. ಬೆಳಿಗ್ಗೆ ಹತ್ತೂವರೆ

ಇವತ್ತು ಕಟ್ಟು ಬಿಚ್ಚಿ ನೋಡುತ್ತಾರೆ. ಅಲ್ಲಿ ಈಗ ಏಳು. ಎದ್ದಿರುತ್ತಾಳೆ. ಡಾಕ್ಟರು ಬರುವ ಮೊದಲೇ ಹೇಳಿಬಿಡಬೇಕು. ಕಾಣುತ್ತದೆ ಅಂದ ಮೇಲೆ ಹೇಳಿದರೆ ಸಂತೋಷಕ್ಕೆ ಹೇಳಿದ ಹಾಗೆ. ಕಾಣುವುದಿಲ್ಲ ಅಂದ ಮೇಲೆ ಹೇಳಿದರೆ ಕನಿಕರಕ್ಕೆ.

ಬಾಯಿಗೆ ಬಾರದು, ಅದಕ್ಕೇ ಬರೆದಿಟ್ಟುಕೊಂಡು ಓದುತ್ತೇನೆ. ರಿಂಗ್ ಆಗುತ್ತಿದೆ.

ತಂಗೀ, ಅವತ್ತು ಕಾಗದದಲ್ಲಿ ನಾನು ಬರೆದದ್ದು —