ರಾಹುಕಾಲಕ್ಕೆ ಮುಂಚೆ ಒಡೆದ ಒಡ್ಡು

ಸ್ನೊಹೊಮಿಶ್,
೨೨ ಸೆಪ್ಟೆಂಬರ್ ೨೦೨೪

ಪ್ರೀತಿಯ ವೇದಾ,

ನಿನಗೂ ಅಮ್ಮನಿಗೂ ಸಲಾಂ. ಅಮ್ಮನ ಮಂಡಿ ಆಪರೇಷನ್ ಚೆನ್ನಾಗಿ ಆಯಿತೆಂದು ನಿನ್ನ ಗಂಡ ಕಶ್ಯಪ್ ಹೇಳಿದರು, ಸಮಾಧಾನವಾಯಿತು. ನೀನು ಅಷ್ಟು ಸಲ ಫೋನ್ ಮಾಡಿದರೂ ಎತ್ತದೆ ಕೂತಿದ್ದಕ್ಕೆ ಬೈಯಬೇಡ ಕಣೇ. ನನ್ನ ದನಿ ಕೇಳಿದ ಕೂಡಲೇ ನೀನು "ಏನಾಯ್ತೇ?" ಅನ್ನುತ್ತೀಯ, ನಾನು ಗೊಳೋ ಅನ್ನುತ್ತೇನೆ, ಆಮೇಲೆ ಅರ್ಧಂಬರ್ಧ ಕೇಳಿಸಿಕೊಂಡು ನೀನು ಗಾಬರಿಯಾಗುತ್ತೀಯ. ಅದಕ್ಕೇ ಕಾಗದ. ಮಿಲ್ ಕ್ರೀಕಿನ ಮಹೇಶ ನಾಳೆ ಮೈಸೂರಿಗೆ ಹೊರಟಿದ್ದಾರೆ, ಅವರ ಕೈಯಲ್ಲಿ ಕಳಿಸುತ್ತಿದ್ದೇನೆ. ಮೊದಲೇ ಹೇಳಿಬಿಡುತ್ತೇನೆ, ಎಲ್ಲರೂ ಚೆನ್ನಾಗಿದ್ದೇವೆ. ನನ್ನ ಮಗಳು ಆಯತ್ ಈಗ ತಾನೇ ಹಾಲು ಬೇಡವೆಂದು ಜಗಳ ತೆಗೆದು ಹೊರಗೆ ಓಡಿದಳು. ಏಳು ವರ್ಷಕ್ಕೇ ಎಷ್ಟು ಬಾಯಿ ಅಂತೀಯ! ಇನ್ನು ಕೂತುಕೊಂಡು ಓದು.

ನೀನು ಅಮ್ಮನನ್ನು ನೋಡಿಕೊಳ್ಳಲು ಮೈಸೂರಿಗೆ ಹೊರಟ ಮೇಲೆ ಆ ಬೀವರ್‌ಗಳಿಗೆ ಹೇಳೋರು ಕೇಳೋರು ಇಲ್ಲದಂತಾಯಿತು. ಚಪ್ಪಟೆ ಬಾಲ ಬಡಿದುಕೊಂಡು ಬಂದು, ಹಲ್ಲಿನಲ್ಲೇ ಮರ ಕಡಿದು ಕೆಡವಿ, ಕೊಂಬೆಗೆ ಕೆಸರು ಮೆತ್ತಿ ನಿಮ್ಮ ಹಿತ್ತಲಿನ ತೊರೆಗೆ ಅಡ್ಡಲಾಗಿ ಎದೆಮಟ್ಟದ ಒಡ್ಡು ಕಟ್ಟಿದವು. ಹಿಂದೆ ನಿಂತ ನೀರು ನಿಮ್ಮ ಸೆಪ್ಟಿಕ್ ಟ್ಯಾಂಕಿನವರೆಗೂ ಬಂತು. ನಿನ್ನ ಗಂಡ ಸ್ನಾನಕ್ಕೂ, ಇನ್ನೊಂದಕ್ಕೂ ನಮ್ಮ ಮನೆಗೇ ಬರುತ್ತಿದ್ದರು. ನಿನಗೆ ಮಾತ್ರ "ಸ್ವಲ್ಪ ನೀರು ನಿಂತಿದೆ" ಎಂದರಂತೆ!

ಒಡ್ಡು ತೆಗೆಯಲು ಇಲ್ಲಿ ಸರ್ಕಾರದ ಅನುಮತಿ ಬೇಕಲ್ಲ, ಅದೂ ಸಿಕ್ಕಿತು. ನೋಡಲು ಬಂದ ಆಫೀಸರಮ್ಮ ಬಿಡಿಸಿ ಹೇಳಿದ್ದಳು. ಕೈಯಲ್ಲೇ ತೆಗೆಯಬೇಕು, ಮೇಲಿನಿಂದ ಸ್ವಲ್ಪ ಸ್ವಲ್ಪವೇ, ಎರಡು ದಿನವಾದರೂ ಸರಿ. ಇಲ್ಲದಿದ್ದರೆ ನೀರೆಲ್ಲ ಒಮ್ಮೆಗೇ ಕೆಳಗಿನ ಮನೆಯತ್ತ ನುಗ್ಗುತ್ತದೆ ಎಂದು. ಕೆಳಗಿನ ಮನೆ ಎಂದರೆ ನಮ್ಮದೇ. ಕಶ್ಯಪ್ ಎಲ್ಲಕ್ಕೂ ತಲೆಯಾಡಿಸಿದರು. ಆಮೇಲೆ ಒಳಗೆ ಹೋಗಿ ನೀನು ತೂಗುಹಾಕಿದ ಪಂಚಾಂಗದ ಕ್ಯಾಲೆಂಡರ್ ನೋಡಿದರು.

ಶನಿವಾರ ಒಂಬತ್ತಕ್ಕೆ ರಾಹುಕಾಲ. ಅಷ್ಟರೊಳಗೆ ನೀರು ಹರಿಯಲು ಶುರುವಾಗಲೇಬೇಕು! ಬೆಳಗ್ಗೆ ಹಾರೆ ಗುದ್ದಲಿ ಹಿಡಿದು ಅವರೂ ನಮ್ಮ ಯಜಮಾನರು ಫಾರೂಕೂ ಇಳಿದರು. ಆ ಪ್ರಾಣಿಗಳ ಕೆಲಸವೇನು ಸಾಮಾನ್ಯವೇ? ಒಂದು ಕೊಂಬೆ ಎಳೆದರೆ ಹತ್ತು ಕೊಂಬೆ ಹಿಡಿದುಕೊಳ್ಳುತ್ತಿದ್ದವು. ಒಂಬತ್ತು ಹತ್ತಿರ ಬಂದರೂ ತೊಟ್ಟು ನೀರು ಹರಿಯಲಿಲ್ಲ. "ಇರ್ಲಿ ಬಿಡಿ, ಹತ್ತೂವರೆ ಮೇಲೆ ನೋಡೋಣ" ಎಂದು ಫಾರೂಕ್ ಹೇಳಿದರು. "ಕೈ ಹಾಕಿದ ಮೇಲೆ ನಿಲ್ಲಿಸ್ಬಾರ್ದು ಫಾರೂಕ್, ಈಗ್ಲೇ ನೀರು ಬಿಟ್ಬಿಡ್ತೀನಿ" ಎಂದು ನಿನ್ನ ಗಂಡ ಗುದ್ದಲಿ ಬಿಸಾಡಿ ಟ್ರ್ಯಾಕ್ಟರ್ ತಂದರು. ಬುಡದ ದೊಡ್ಡ ದಿಮ್ಮಿಗೆ ಸರಪಳಿ ಬಿಗಿದು ಎಳೆದೇಬಿಟ್ಟರು.

ದಿಮ್ಮಿಯ ಜೊತೆ ಒಡ್ಡೇ ಕಿತ್ತು ಬಂತು ವೇದಾ. ನಾನು ಅಡುಗೆಮನೆಯಲ್ಲಿದ್ದೆ. ರೈಲು ಬಂದ ಹಾಗೆ ಸದ್ದಾಯಿತು. ಕಿಟಕಿಯಿಂದ ನೋಡುತ್ತೇನೆ, ನಮ್ಮೆರಡು ಮನೆಗಳ ನಡುವಿನ ಮರದ ಸೇತುವೆಯೇ ಇಲ್ಲ! ಪ್ರತಿ ಶನಿವಾರ ಆಯತ್ ಆ ಸೇತುವೆ ದಾಟಿಯೇ ನಿಮ್ಮ ಮನೆಗೆ ದೋಸೆಗೆ ಓಡುವುದು. ಸ್ವಲ್ಪ ಹೊತ್ತಿನ ಹಿಂದಷ್ಟೇ ಹೊರಟಿದ್ದಳು.

ಕಿರುಚಿಕೊಂಡು ದಡಕ್ಕೆ ಓಡಿದೆ. "ಆಯತ್ ಸೇತುವೆ ಮೇಲೆ..." ಎಂದಿದ್ದಷ್ಟೇ ನೆನಪು. ಕಶ್ಯಪ್ ಟ್ರ್ಯಾಕ್ಟರಿನಿಂದ ನೆಗೆದು ಓಡಿಬಂದು ಕೆಸರು ನೀರಿಗೆ ಬಿದ್ದರು. ಅವರಿಗೆ ಈಜು ಬರುವುದಿಲ್ಲ, ನಿನಗೆ ಗೊತ್ತಲ್ಲ! ಮುರಿದ ಹಲಗೆಗಳ ಕೆಳಗೆಲ್ಲ ಕೈಹಾಕಿ ತಡಕುತ್ತಿದ್ದರು. ಅವರ ಹಿಂದೆಯೇ ಫಾರೂಕ್. ನಾನು ರಸ್ತೆ ಸುತ್ತಿಕೊಂಡು ಹುಚ್ಚಿಯ ಹಾಗೆ ನಿಮ್ಮ ಮನೆಗೆ ಓಡಿದೆ.

ಮಹಾರಾಯ್ತಿ ನಿಮ್ಮ ಅಡುಗೆಮನೆಯಲ್ಲಿ ಸ್ಟೂಲಿನ ಮೇಲೆ ಕೂತು, ನಿನ್ನ ಚಟ್ನಿಪುಡಿ ಡಬ್ಬಕ್ಕೆ ಬೆರಳು ಅದ್ದಿ ನೆಕ್ಕುತ್ತಿದ್ದಳು. ನೀರು ಬರುವ ಮೊದಲೇ ದಾಟಿಬಿಟ್ಟಿದ್ದಳು! "ಅಮ್ಮೀ, ವೈ ಆರ್ ಯೂ ಕ್ರೈಯಿಂಗ್?" ಎಂದು ನನ್ನನ್ನೇ ಕೇಳಿದಳು. ಎರಡು ಬಾರಿಸಬೇಕೆನಿಸಿತು, ಆದರೆ ಅಪ್ಪಿಕೊಂಡೆ. ಯಾ ಅಲ್ಲಾಹ್, ಹೋದ ಜೀವ ಬಂತು ಕಣೇ.

ಈಗ ನೆನೆಸಿಕೊಂಡರೆ ನಗುವೂ ಬರುತ್ತದೆ. ಮೂರೇ ದಿನಕ್ಕೆ ಬೀವರ್‌ಗಳು ಅದೇ ಜಾಗದಲ್ಲಿ ಮತ್ತೆ ಕಟ್ಟತೊಡಗಿದವು. ಅವಕ್ಕೆ ರಾಹುವೂ ಇಲ್ಲ, ಕೇತುವೂ ಇಲ್ಲ. ಈ ಸಲ ಇಬ್ಬರೂ ಆಫೀಸರಮ್ಮನನ್ನೇ ಕರೆಸಿ ಕೇಳಿ, ಒಡ್ಡಿನ ನಡುವೆ ದಪ್ಪ ಪೈಪ್ ತೂರಿಸಿದ್ದಾರೆ. ಅವು ಕಟ್ಟಿಕೊಳ್ಳಲಿ, ನೀರು ತನ್ನ ಪಾಡಿಗೆ ತಾನು ಹೋಗುತ್ತದೆ. ನಿಮ್ಮ ಟಾಯ್ಲೆಟ್ ಸರಿಹೋಯಿತು. ಫಾರೂಕ್ ನಿನ್ನ ಗಂಡನಿಗೆ ಒಂದು ಮಾತೂ ಅನ್ನಲಿಲ್ಲ, ಅವತ್ತು ಕಂಬಳಿ ಹೊದಿಸಿ ಬಿಸಿ ಟೀ ಕುಡಿಸಿದರು. ನೀನೂ ಏನೂ ಅನ್ನಬೇಡ.

ಅಮ್ಮ ಬೇಗ ಎದ್ದು ಓಡಾಡುವಂತಾಗಲಿ ಎಂದು ದಿನವೂ ದುವಾ ಮಾಡುತ್ತೇನೆ. ನೀವೆಲ್ಲ ತಣ್ಣಗಿರಿ.

ನಿನ್ನ,
ರೇಹಾನಾ

ಮರೆತ ಮಾತು: ಮರೆತದ್ದಲ್ಲ, ಮೇಲೆ ಬರೆಯಲು ಕೈ ಬರಲಿಲ್ಲ. ಆಯತ್‌ಳನ್ನು ಎತ್ತಿಕೊಂಡು ದಡಕ್ಕೆ ಬಂದಾಗ ಕಶ್ಯಪ್ ಇನ್ನೂ ನೀರಿನಲ್ಲೇ ಇದ್ದರು. ಅವಳನ್ನು ನೋಡಿದರು, ಹತ್ತಿರ ಬರಲಿಲ್ಲ. ಕೆಸರಿನಲ್ಲೇ ಕುಸಿದು ಕೂತು, "ದೇವ್ರು ಮಗು ಕೊಡ್ಲಿಲ್ಲ ಅಂತ ವೇದಾ ಇಷ್ಟು ವರ್ಷ ಅತ್ಲು. ಕೊಡದೆ ಇದ್ದಿದ್ದೇ ಒಳ್ಳೇದಾಯ್ತು ರೇಹಾನಾ. ನನ್ ಕೈಲಿ ಉಳೀತಿರ್ಲಿಲ್ಲ" ಎಂದರು. ಅಲ್ಲ ಎಂದು ನಾವಿಬ್ಬರೂ ಎಷ್ಟು ಹೇಳಿದರೂ ಅವರ ಕಿವಿಗೆ ಬೀಳುತ್ತಿಲ್ಲ, ನೀನು ಹೇಳಬೇಕು. ಅವತ್ತಿನಿಂದ ಅವರು ಅವಳನ್ನು ಮುಟ್ಟಿಲ್ಲ. ನಿನ್ನೆ ಅವಳು ರಸ್ತೆ ಸುತ್ತಿಕೊಂಡು ಹೋಗಿ ನಿಮ್ಮ ಬಾಗಿಲು ತಟ್ಟಿದಳು. ಒಳಗಿದ್ದೂ ತೆಗೆಯಲಿಲ್ಲ. ವಾಪಸ್ ಬಂದವಳು, ಯಾವಾಗಲೂ ಇಂಗ್ಲಿಷ್ ಉದುರಿಸುವವಳು, ನೀವಿಬ್ಬರೂ ಕಲಿಸಿದ ಕನ್ನಡದಲ್ಲೇ ಕೇಳಿದಳು: "ಅಂಕಲ್‌ಗೆ ನಾನು ಬೇಡ್ವಾ?"