ಗುಡುಗಿಗೆ ಕಂಬಳಿ

ಮಾರ್ಚ್ 5, ಸೋಮವಾರ

ತಗಡು ಒರೆಸಿಟ್ಟೆ. ಹಗ್ಗ ಸವೆದಿದೆ, ಬದಲಿಸಬೇಕು. ಆಳೆತ್ತರದ ತಗಡು, ಅಲ್ಲಾಡಿಸಿದರೆ ರಂಗದ ಮೇಲೆ ಗುಡುಗು. ಇಪ್ಪತ್ತೆರಡು ವರ್ಷದಿಂದ ಇದೇ ಕೆಲಸ. ನಾಟಕ ಕಂಪನಿಯಲ್ಲಿ ನನ್ನ ಹೆಸರೇ ಗುಡುಗಮ್ಮ. ಮನೆಯಲ್ಲಾದರೆ ತಗಡೂ ಬೇಕಿಲ್ಲ ಅನ್ನುತ್ತಾರೆ ನನ್ನ ಗಂಡ.

ನಿನ್ನೆಯ ಆಟದಲ್ಲೂ ರಾಜನ ಪಾತ್ರ ಮಾಡುವ ನಮ್ಮ ಕಂಪನಿ ಯಜಮಾನರ ದನಿ ಗುಡುಗಿನಡಿ ಮುಳುಗಿತು. ಮೂರನೇ ಅಂಕ... ರಾಜ್ಯವನ್ನೆಲ್ಲ ಮಕ್ಕಳಿಗೆ ಹಂಚಿ ಬೀದಿಗೆ ಬಿದ್ದ ಮುದಿರಾಜ ಬಿರುಗಾಳಿಗೆ ಸವಾಲು ಹಾಕುವ ದೃಶ್ಯ. ಒಂದು ಕಾಲಕ್ಕೆ ಆ ಮಾತಿಗೆ ನನ್ನ ತಗಡೇ ಹೆದರುತ್ತಿತ್ತು. ಈಗ ಅವರಿಗೆ ಎಪ್ಪತ್ತಾರು. ಪರದೆ ಬಿದ್ದ ಮೇಲೆ ಹೇಗಿತ್ತು ಎಂದು ಕೇಳುತ್ತಾರೆ. ನಾವೆಲ್ಲ ಹೊಗಳಿ ಅಟ್ಟಕ್ಕೇರಿಸುತ್ತೇವೆ. ನಾನೂ. ಛೆ.

ಮಾರ್ಚ್ 7, ಬುಧವಾರ

ಯಜಮಾನರ ಮಗಳು ಮೀಟಿಂಗ್ ಕರೆದಳು. ಕಂಪನಿ ಈಗ ಅವಳದೇ, ಹೋದ ವರ್ಷ ಅವರೇ ಬರೆದುಕೊಟ್ಟರು. ಭಾನುವಾರ ಮಧ್ಯಾಹ್ನದ ಆಟಕ್ಕೆ ಕೊನೆಯ ಸಾಲಿನಲ್ಲಿ ಕೂರುತ್ತಾಳಂತೆ. ಅಪ್ಪನ ಮಾತು ಅಲ್ಲಿಗೆ ಮುಟ್ಟದಿದ್ದರೆ ಕಿರೀಟ ಮಂತ್ರಿಯ ಪಾತ್ರದವನಿಗೆ. ಮೈಕ್ ಹಾಕೋಣ ಎಂದರು ಯಾರೋ.

"ರಾಜ ಮೈಕಲ್ಲಿ ಮಾತಾಡಲ್ಲ," ಅಂದರು ಯಜಮಾನರು. ಎದ್ದು ಹೋದರು.

ಮಗಳ ಮೇಲೆ ಸಿಟ್ಟು ಬಂತು. ಅವಳು ಹೇಳಿದ್ದು ಸರಿ, ಅದಕ್ಕೇ ಇನ್ನಷ್ಟು ಸಿಟ್ಟು.

ಮಾರ್ಚ್ 10, ಶನಿವಾರ, ಬೆಳಿಗ್ಗೆ 11

ಉಪಾಯ ಹೊಳೆಯಿತು. ತಗಡಿನ ಹಿಂದೆ ಹಳೆ ಕಂಬಳಿ ಬಿಗಿದು ಕಟ್ಟಿದೆ. ಗುಡುಗು ಈಗ ಪಕ್ಕದ ಮನೆಯವರು ಬೀರು ಎಳೆದ ಹಾಗೆ. ರಿಹರ್ಸಲ್‌ನಲ್ಲಿ ಅವರ ಮಾತೆಲ್ಲ ಸ್ಪಷ್ಟ. ನನ್ನ ಬೆನ್ನು ನಾನೇ ತಟ್ಟಿಕೊಂಡೆ.

ಮಧ್ಯಾಹ್ನ 1

ಸಿಕ್ಕಿಬಿದ್ದೆ. ಯಜಮಾನರು ತಗಡಿನ ಹಿಂದೆ ಬಂದು ಕಂಬಳಿ ಮುಟ್ಟಿ ನೋಡಿದರು. ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಪಾತ್ರ ಕೈಬಿಟ್ಟು ಹೋಗುತ್ತದೆ ಎಂದು ಗೋಗರೆದೆ.

"ಹೋಗ್ಲಿ ಬಿಡು, ಗುಡುಗಮ್ಮ. ಆ ರಾಜ ಅಲ್ಲಿ ನಿಂತಿರೋದೇ ಸೋಲೋಕೆ. ಅವನಿಗೆ ಕೊಡೆ ಹಿಡೀಬೇಡ."

ಅವರೇ ಗಂಟು ಬಿಚ್ಚಿದರು. ಕಂಬಳಿ ಮಡಚಿ ನನ್ನ ಕೈಗಿತ್ತರು.

ಮಾರ್ಚ್ 12, ಸೋಮವಾರ

ನಿನ್ನೆ ಬರೆಯಲಾಗಲಿಲ್ಲ.

ಇದ್ದ ಬಲವನ್ನೆಲ್ಲ ಹಾಕಿ ತಗಡು ಅಲ್ಲಾಡಿಸಿದೆ. ಭುಜ ಇವತ್ತೂ ನೋಯುತ್ತಿದೆ. ಯಜಮಾನರು ಬಾಯಿ ತೆರೆದರು. ಹತ್ತಡಿ ದೂರದ ನನಗೇ ಒಂದಕ್ಷರ ಕೇಳಿಸಲಿಲ್ಲ. ಅವರು ನಿಲ್ಲಿಸಲಿಲ್ಲ, ಕೂಗಲೂ ಇಲ್ಲ. ಆ ಸದ್ದಿನೊಳಗೆ ನಿಂತು ಮಾತಾಡುತ್ತಲೇ ಇದ್ದರು. ಕುತ್ತಿಗೆಯ ನರ, ತುಟಿ, ಎತ್ತಿದ ಕೈ... ಇಷ್ಟು ವರ್ಷ ನನ್ನ ಕಿವಿಯಷ್ಟೇ ಅವರ ಕಡೆಗಿತ್ತು. ರಾಜನನ್ನು ಕಣ್ಣಾರೆ ಕಂಡದ್ದು ನಿನ್ನೆಯೇ. ಅಷ್ಟು ದೊಡ್ಡವರು, ಅಷ್ಟು ಚಿಕ್ಕವರಾಗಿ! ಮೈ ಜುಮ್ಮೆಂದಿತು. ಕೈಮುಗಿಯಬೇಕೆನಿಸಿತು, ಕೈಯಲ್ಲಿ ತಗಡಿತ್ತು. ಸಭೆಯಲ್ಲಿ ಒಬ್ಬರೂ ಕೆಮ್ಮಲಿಲ್ಲ.

ಆಟ ಮುಗಿದ ಮೇಲೆ ಮಗಳು ಒಳಗೆ ಬಂದಳು. ಕಣ್ಣು ಕೆಂಪು. ಯಜಮಾನರು ಕಿರೀಟ ತೊಡೆಯ ಮೇಲಿಟ್ಟುಕೊಂಡು ಕೂತಿದ್ದರು.

"ಕೇಳಿಸ್ತಾ?"

ಒಂದು ಸುಳ್ಳು ಹೇಳಿದರೆ ಅವಳ ಗಂಟೇನು ಹೋಗುತ್ತಿತ್ತು?

"ಇಲ್ಲಪ್ಪ. ಒಂದು ಮಾತೂ ಕೇಳಿಸ್ಲಿಲ್ಲ." ಅವರ ಕಾಲ ಬಳಿ ಕುಸಿದು ಕೂತಳು. "ಆದ್ರೆ ನನ್ನ ಪಕ್ಕದೋರು ಅಳ್ತಿದ್ರು."

ಯಜಮಾನರು ಅವಳ ತಲೆ ಸವರಿದರು. ಎಷ್ಟೋ ವರ್ಷದ ಮೇಲೆ ಒಬ್ಬಳು ನಿಜ ಹೇಳಿದಳು ಎಂದು ನಕ್ಕರು. ಕಿರೀಟ ಅವಳ ಕೈಗಿಟ್ಟರು. ನನ್ನತ್ತ ನೋಡಲಿಲ್ಲ. ನೋಡಿದ್ದರೆ ನಾಚಿಕೆಯಿಂದ ಸತ್ತೇಹೋಗುತ್ತಿದ್ದೆ.

ಮಾರ್ಚ್ 18, ಭಾನುವಾರ, ಮಧ್ಯಾಹ್ನ 3.40

ಪಕ್ಕದ ಪರದೆಯ ಹಿಂದೆ ಕೂತು ಬರೆಯುತ್ತಿದ್ದೇನೆ. ಎರಡನೇ ಅಂಕ ಮುಗಿಯುತ್ತಾ ಬಂತು. ಹೊಸ ರಾಜ, ಮೊನ್ನೆವರೆಗಿನ ಮಂತ್ರಿ, ಬೆಳಿಗ್ಗೆಯಿಂದ ಮೂರು ಸಲ ವಾಂತಿ ಮಾಡಿಕೊಂಡಿದ್ದಾನೆ.

ಯಜಮಾನರು ಇತ್ತ ತಲೆ ಹಾಕುವುದಿಲ್ಲ ಎಂದುಕೊಂಡಿದ್ದೆವು. ಬಂದರು. ನೇರ ನನ್ನ ಸ್ಟೂಲಿನ ಮೇಲೆ ಕೂತು ರಂಗದ ಕಡೆ ಕಿವಿಗೊಟ್ಟರು. ಹೊಸಬನ ದನಿ ನಡುಗುತ್ತಿತ್ತು. ಸ್ವಲ್ಪ ಹೊತ್ತು ಕೇಳಿ, ತಮ್ಮ ಹೆಗಲ ಮೇಲಿನ ಶಾಲು ತೆಗೆದು ನನಗೆ ಕೊಟ್ಟರು.

"ತಗಡಿಗೆ ಕಟ್ಟಮ್ಮ. ಇವತ್ತೊಂದು ದಿನ. ಅವನಿಗಿದು ಮೊದಲ್ನೇ ಮಳೆ."

ಕಟ್ಟಲು ಹೋದೆ. ಕಣ್ಣು ಮಂಜಾಗಿ ಗಂಟು ಬೀಳಲಿಲ್ಲ. ಅವರೇ ಬಿಗಿದರು. ಈಗ ತಗಡಿನ ಒಂದು ಅಂಚು ಹಿಡಿದು ನಿಂತಿದ್ದಾರೆ, ಇನ್ನೊಂದು ನನಗೆ ಬಿಟ್ಟು. ಮೂರನೇ ಅಂಕದ ಬೆಲ್ ಆಯಿತು. ನನ್ನ ಕಡೆ ನೋಡಿ, ಶುರುಮಾಡೋಣ ಎಂಬಂತೆ ತಲೆಯಾಡಿಸಿ—